ಅಂಗಳದಿಂದ ಕಂಡ ಪ್ರಕಾಶ್ ರೈ

‘ಗುಡ್ಡದ ಭೂತ’ ದೂರದರ್ಶನದಲ್ಲಿ ಬರುತ್ತಿದ್ದಾಗ ನಾವು ಹುಟ್ಟಿರಲಿಲ್ಲ. ಅದು 1990ರ ಸುಮಾರಿನ ಮಾತು. ನಮ್ಮ ಅಪ್ಪೆಗೆ ಆಗ ಹದಿನೈದು ವರ್ಷ. ಸುಳ್ಯ ತಾಲ್ಲೂಕಿನ ಒಂದು ದನಿಗಳ ಮನೆಗೆ ಅಜ್ಜಿಯ ಜೊತೆ ಅಡಿಕೆ ಸುಲಿಯಲಿಕ್ಕೆ ಹೋಗುತ್ತಿದ್ದಳು. ಆ ಮನೆಗೆ ಆಗಷ್ಟೇ ಟೀವಿ ಬಂದಿತ್ತು. ಧಾರಾವಾಹಿಯ ಹೊತ್ತಿಗೆ ದನಿಗಳ ಮನೆಯವರು ಚಾವಡಿಯಲ್ಲಿ, ನೆರೆಕರೆಯ ಒಕ್ಕಲು ಮಕ್ಕಳು ಜಗಲಿಯಲ್ಲಿ, ನಮ್ಮವರು ಅಂಗಳದಲ್ಲಿ, ಅಡಿಕೆ ರಾಶಿಯ ಪಕ್ಕ. ಯಾರು ಎಲ್ಲಿ ಕೂತುಕೊಳ್ಳಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಿಟಿಕಿಯ ಸರಳುಗಳ ಎಡೆಯಿಂದ ಕಂಡಷ್ಟು ಕಾಣಬೇಕು, ಕೈ ಮಾತ್ರ ಸುಲಿಯುತ್ತಲೇ ಇರಬೇಕು. ಅದರಲ್ಲಿ ಆಕ್ಟ್ ಮಾಡಿದವ ಹೇಗಿದ್ದ ಅಂತ ಕೇಳಿದರೆ ಅಪ್ಪೆ ಇವತ್ತಿಗೂ ಹೇಳುವುದಿಷ್ಟೆ: “ಅರ್ಧ ಮುಖ ಕಂಡದ್ದು ಮಗಾ. ಇನ್ನರ್ಧಕ್ಕೆ ದನಿಗಳ ಮಗನ ತಲೆ ಅಡ್ಡ ಇತ್ತು.”

ಆ ಅರ್ಧ ಮುಖ ಪ್ರಕಾಶ್ ರೈ ಅವರದು. ಈಗ ಆ ಮುಖವನ್ನು ನಾವು ಮೊಬೈಲಿನಲ್ಲಿ ಪೂರ್ತಿ ನೋಡಿದ್ದೇವೆ. ಬಸ್ ಸ್ಟ್ಯಾಂಡಿನ ಪೋಸ್ಟರುಗಳಲ್ಲಿ ನೋಡಿದ್ದೇವೆ. ಪ್ರಗತಿಪರರ ಸಭೆಗಳ ಕರಪತ್ರದಲ್ಲೂ ನೋಡಿದ್ದೇವೆ. “ನಮ್ಮ ಪತ್ರಿಕೆಗೆ ಇರುವುದೇ ನಾಲ್ಕು ಪುಟ, ಅದರಲ್ಲಿ ಸಿನಿಮಾದವರಿಗೆ ಯಾಕೆ ಜಾಗ?” ಎಂದು ಗೆಳೆಯರೊಬ್ಬರು ಸಿಟ್ಟಾದರು. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಒಬ್ಬ ಕಲಾವಿದ ನಮ್ಮ ಪರವಾಗಿ ಬೀದಿಯಲ್ಲಿ ನಿಂತು ಮಾತಾಡಿದ ಅಂದ ಮಾತ್ರಕ್ಕೆ ಅವನ ಕೃತಿಗಳನ್ನು ನೋಡದೆ ಹೂವಿನ ಹಾರ ಹಾಕಿ ಕಳಿಸುವುದು ಅವನಿಗೂ ಮರ್ಯಾದೆಯಲ್ಲ, ನಮಗೂ ಅಲ್ಲ. ಭಾಷಣಕ್ಕೆ ಚಪ್ಪಾಳೆ ತಟ್ಟಿದ್ದೇವೆ. ಸಿನಿಮಾಗಳ ಲೆಕ್ಕ ಬಾಕಿ ಉಂಟು.

ಮೊದಲು ಬದುಕು. ಪ್ರಕಾಶ್ ರೈ ಹುಟ್ಟಿದ್ದು 1965ರ ಮಾರ್ಚ್ 26ರಂದು, ಬೆಂಗಳೂರಿನಲ್ಲಿ. ತಂದೆ ತುಳು ಮನೆಮಾತಿನವರು, ತಾಯಿ ಕನ್ನಡದವರು, ನರ್ಸ್ ಆಗಿದ್ದವರು. ಓದಿದ್ದು ಸೇಂಟ್ ಜೋಸೆಫ್‌ನಲ್ಲಿ, ಕಾಮರ್ಸು. ಕಾಲೇಜಿನಲ್ಲಿ ಕೂತದ್ದಕ್ಕಿಂತ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂತದ್ದೇ ಹೆಚ್ಚೆಂದು ತೋರುತ್ತದೆ. ತಿಂಗಳಿಗೆ 300 ರೂಪಾಯಿಗೆ ನಾಟಕ, ಬೀದಿನಾಟಕ. ಆಮೇಲೆ ‘ಬಿಸಿಲು ಕುದುರೆ’, ‘ಗುಡ್ಡದ ಭೂತ’ದಂಥ ಧಾರಾವಾಹಿಗಳು, ಕನ್ನಡ ಸಿನಿಮಾಗಳಲ್ಲಿ ಚಿಲ್ಲರೆ ಪಾತ್ರಗಳು. ‘ಹರಕೆಯ ಕುರಿ’ಯಲ್ಲಿ (1992) ಮಾಡುತ್ತಿದ್ದಾಗ ಜೊತೆಗಿದ್ದ ನಟಿ ಗೀತಾ ಅವರನ್ನು ಗಮನಿಸಿ, ಕೆ. ಬಾಲಚಂದರ್ ಅವರಿಗೆ ಪರಿಚಯ ಮಾಡಿಸಿದರು. 1994ರ ‘ಡ್ಯುಯೆಟ್’ ತಮಿಳಿನಲ್ಲಿ ಬಾಗಿಲು ತೆರೆಯಿತು. ಮುಂದಿನದು ಎಲ್ಲರಿಗೂ ಗೊತ್ತು: ‘ಇರುವರ್’ ಚಿತ್ರಕ್ಕೆ ಪೋಷಕ ನಟನ ರಾಷ್ಟ್ರಪ್ರಶಸ್ತಿ, ‘ಕಾಂಚೀವರಂ’ಗೆ 2007ನೇ ಸಾಲಿನ ಶ್ರೇಷ್ಠ ನಟ, ಐದು ಭಾಷೆ, ನೂರಾರು ಸಿನಿಮಾ.

ಇಲ್ಲಿ ಒಂದು ಸಣ್ಣ ಸಂಗತಿಯ ಮುಂದೆ ನಿಲ್ಲಬೇಕು. ಬಾಲಚಂದರ್ ಹೇಳಿದ್ದಕ್ಕೆ ರೈ ಹೋಗಿ ರಾಜ್ ಆಯಿತು. ತಮಿಳಿನಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಪ್ರಕಾಶ್ ರಾಜ್. ಕನ್ನಡದಲ್ಲಿ ಮಾತ್ರ ಪ್ರಕಾಶ್ ರೈ. ಬೆಂಗಳೂರಿನವರಿಗೆ ಇದೊಂದು ತಮಾಷೆಯ ವಿಷಯ ಇರಬಹುದು. ಪುತ್ತೂರು ಸುಳ್ಯ ಕಡೆಯವರಿಗೆ ರೈ ಎಂಬುದು ಬರೇ ಒಂದಕ್ಷರದ ಬಾಲವಲ್ಲ. ಅದರ ಹಿಂದೆ ಗುತ್ತು ಉಂಟು, ಬೀಡು ಉಂಟು, ಗದ್ದೆ ತೋಟ ಉಂಟು, ಭೂತದ ಎದುರು ನಿಲ್ಲುವ ಜಾಗ ಉಂಟು. ಇದಾವುದನ್ನೂ ಬೆಂಗಳೂರಿನ ನರ್ಸಿನ ಮಗ ಅನುಭವಿಸಿರಲಿಕ್ಕಿಲ್ಲ, ಅದು ಬೇರೆ ಮಾತು. ಹೆಸರನ್ನು ಬೇಕಾದಲ್ಲಿ ಬಿಟ್ಟು ಬೇಕಾದಲ್ಲಿ ಇಟ್ಟುಕೊಳ್ಳುವ ಸ್ವಾತಂತ್ರ್ಯ ಅವರಿಗೆ ಇತ್ತು ಎಂಬುದಷ್ಟೆ ನಮ್ಮ ಮಾತು. ನಮ್ಮವನೊಬ್ಬ ಡಿಗ್ರಿಗೆ ಸೇರುವಾಗ ಹೆಸರಿನ ಮುಂದೆ ‘ಕುಮಾರ್’ ಸೇರಿಸಿಕೊಂಡ. ಹಾಸ್ಟೆಲಿನಲ್ಲಿ ಒಂದು ವಾರ ಬಾಳಿಕೆ ಬಂತು. ಎಂಟನೇ ದಿನ ಸ್ಕಾಲರ್‌ಶಿಪ್ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದರು.

ಇನ್ನೊಂದು ವಿಷಯ. ನಮ್ಮದೇ ಸುಳ್ಯ ಪುತ್ತೂರಿನ ಗುಡ್ಡಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಬಂದ ತಮಿಳು ಕೂಲಿಗಳ ಮಕ್ಕಳು ಮೊಮ್ಮಕ್ಕಳು ಅಲ್ಲಿನ ಲೈನುಗಳಲ್ಲಿದ್ದಾರೆ. ಅವರಲ್ಲಿ ಬಹಳ ಮಂದಿ ನಮ್ಮಂಥವರೇ. ಅವರ ಮನೆಯ ಟೀವಿಯಲ್ಲಿ ಆತ ಪ್ರಕಾಶ್ ರಾಜ್, ‘ಗಿಲ್ಲಿ’ಯ (2004) ಮುತ್ತುಪಾಂಡಿ. ಎರಡು ಫರ್ಲಾಂಗ್ ಕೆಳಗೆ ನಮ್ಮ ಕಾಲನಿಯಲ್ಲಿ ಪ್ರಕಾಶ್ ರೈ, ‘ನಾಗಮಂಡಲ’ದ ಅಪ್ಪಣ್ಣ. ಒಂದೇ ಗುಡ್ಡದಲ್ಲಿ ಎರಡು ಹೆಸರು. ಬೆಳಿಗ್ಗೆ ಹಾಲು ತೆಗೆಯಲಿಕ್ಕೆ ಮರ ಕೆತ್ತುವ ಕತ್ತಿ ಮಾತ್ರ ಎರಡೂ ಕಡೆ ಒಂದೇ ತರದ್ದು.

ನಟನಾಗಿ ಆತ ದೊಡ್ಡವರು. ಇದರಲ್ಲಿ ನಮಗೆ ತಕರಾರಿಲ್ಲ. ಪೋಷಕ ನಟ ಎಂಬ ಶಬ್ದವನ್ನು ಕನ್ನಡದಲ್ಲಿ ಯಾರು ಮಾಡಿದರೋ ಗೊತ್ತಿಲ್ಲ, ಸರಿಯಾಗಿಯೇ ಮಾಡಿದ್ದಾರೆ. ನಾಯಕ ನಾಯಕನಾಗಿ ಕಾಣಬೇಕಾದರೆ ಅವನನ್ನು ಪೋಷಿಸುವ ಒಬ್ಬ ಎದುರಿಗೆ ಬೇಕು, ಹೊಡೆಸಿಕೊಳ್ಳಲಿಕ್ಕೆ ಬೇಕು, ಸೋಲಲಿಕ್ಕೆ ಬೇಕು. ಪ್ರಕಾಶ್ ರೈ ಆ ಕೆಲಸವನ್ನು ಕೂಲಿಯಂತೆ ಮಾಡಲಿಲ್ಲ. ಸೋಲುವವನಿಗೂ ಒಂದು ಮನಸ್ಸು ಕೊಟ್ಟರು. ‘ನಾಗಮಂಡಲ’ದಲ್ಲಿ (1997) ಗಂಡನೂ ಅವರೇ, ಗಂಡನ ರೂಪದಲ್ಲಿ ಬರುವ ನಾಗನೂ ಅವರೇ. ಬಟ್ಟೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನಡಿಗೆಯಲ್ಲಿ, ಹೆಗಲನ್ನು ಇಳಿಬಿಡುವ ರೀತಿಯಲ್ಲಿ ಇಬ್ಬರು ಬೇರೆ ಗಂಡಸರು ಕಾಣುತ್ತಾರೆ. ಇದು ಬೀದಿನಾಟಕ ಮಾಡಿದವನ ಮೈ. ಬೀದಿಯಲ್ಲಿ ಕ್ಲೋಸಪ್ ಇರುವುದಿಲ್ಲ. ದೂರ ನಿಂತವನಿಗೂ ಕಾಣುವಂತೆ ಇಡೀ ಮೈ ಮಾತಾಡಬೇಕು.

‘ಕಾಂಚೀವರಂ’ ಚಿತ್ರವನ್ನು ನಾವು ಮೂರು ಸಲ ನೋಡಿದ್ದೇವೆ. ಪ್ರಿಯದರ್ಶನ್ ನಿರ್ದೇಶನ, ಸ್ವಾತಂತ್ರ್ಯದ ಹಿಂದುಮುಂದಿನ ಕಾಲದ ಕಥೆ. ರೇಷ್ಮೆ ನೇಯುವ ವೆಂಗಡಂ, ಹುಟ್ಟಿದ ಮಗಳಿಗೆ ಮದುವೆಯಲ್ಲಿ ರೇಷ್ಮೆ ಸೀರೆ ಉಡಿಸುತ್ತೇನೆಂದು ಮಾತು ಕೊಡುತ್ತಾನೆ. ಜೀವಮಾನವಿಡೀ ರೇಷ್ಮೆ ನೇಯುವವನಿಗೆ ಒಂದು ರೇಷ್ಮೆ ಸೀರೆ ಕೊಳ್ಳುವ ಯೋಗ್ಯತೆ ಇಲ್ಲ. ದಿನಕ್ಕೆ ಒಂದೆಳೆಯಂತೆ ಬಾಯಲ್ಲಿ ಅಡಗಿಸಿ ನೂಲು ಕದ್ದು ತರುತ್ತಾನೆ. ಆ ಬಾಯಿಯಲ್ಲೇ ಅವನು ಸಂಘ ಕಟ್ಟುವ ಮಾತೂ ಆಡಬೇಕು. ನೂಲು ಇರುವ ಬಾಯಿ ಬಿಡಲಿಕ್ಕಾಗುವುದಿಲ್ಲ, ಮಾತಾಡುವ ಬಾಯಿ ಮುಚ್ಚಲಿಕ್ಕಾಗುವುದಿಲ್ಲ. ಆ ಮುಚ್ಚಿದ ತುಟಿಯ ಹಿಂದೆ ಪ್ರಕಾಶ್ ರೈ ಇಟ್ಟ ಹೆದರಿಕೆ ಮತ್ತು ನಾಚಿಕೆಯನ್ನು ನಾವು ಬೇರೆಲ್ಲೂ ಕಂಡದ್ದಲ್ಲ, ನಮ್ಮ ಮನೆಯಲ್ಲಿ ಬಿಟ್ಟರೆ. ದನಿಗಳ ತೋಟದಿಂದ ಅಜ್ಜಿ ಸೊಂಟದಲ್ಲಿ ಸಿಕ್ಕಿಸಿ ತರುತ್ತಿದ್ದ ನಾಲ್ಕು ಹಣ್ಣಡಿಕೆಯ ನೆನಪು ನಮಗೆ ಆ ಸಿನಿಮಾದಲ್ಲಿ ಬಂತು.

ಈ ನಟ ನಿರ್ದೇಶಕನ ಕುರ್ಚಿಯಲ್ಲಿ ಕೂತಾಗ ಏನು ಮಾಡಿದ? ಇದೇ ನಮ್ಮ ಪ್ರಶ್ನೆ. ಇನ್ನೊಬ್ಬರ ಕಥೆಗೆ ಮೈ ಕೊಡುವುದು ನಟನ ಕೆಲಸ. ಯಾರ ಕಥೆ ಹೇಳಬೇಕೆಂದು ಆರಿಸುವುದು ನಿರ್ದೇಶಕನ ಕೆಲಸ. ಆರಿಸುವಾಗ ಮನುಷ್ಯನ ವರ್ಗ, ಜಾತಿ, ಕಣ್ಣು ಎಲ್ಲಿ ನೆಟ್ಟಿದೆ ಎಂಬುದು ಹೊರಗೆ ಬೀಳುತ್ತದೆ.

2010ರಲ್ಲಿ ‘ನಾನು ನನ್ನ ಕನಸು’. 2012ರಲ್ಲಿ ತಮಿಳು–ತೆಲುಗಿನಲ್ಲಿ ‘ಧೋನಿ’. 2014ರಲ್ಲಿ ‘ಒಗ್ಗರಣೆ’, ಅದೇ ಇನ್ನೆರಡು ಭಾಷೆಗಳಲ್ಲಿ. 2016ರಲ್ಲಿ ‘ಇದೊಳ್ಳೆ ರಾಮಾಯಣ’. ಒಗ್ಗರಣೆಯ ಹಿಂದಿ ರೂಪ ‘ತಡ್ಕಾ’ 2022ರಲ್ಲಿ. ಇವುಗಳಲ್ಲಿ ಒಂದೂ ಸ್ವಂತ ಕಥೆಯಲ್ಲ. ಮೊದಲನೆಯದು ತಮಿಳಿನ ‘ಅಭಿಯುಂ ನಾನುಂ’, ಎರಡನೆಯದು ಮರಾಠಿಯದು, ಮೂರನೆಯದು ಮಲಯಾಳದ ‘ಸಾಲ್ಟ್ ಅಂಡ್ ಪೆಪ್ಪರ್’, ನಾಲ್ಕನೆಯದು ಮಲಯಾಳದ್ದೇ ‘ಶಟರ್’. ರೀಮೇಕ್ ಎಂಬ ಕಾರಣಕ್ಕೆ ನಾವು ಮೂಗು ಮುರಿಯುವವರಲ್ಲ. ಪಾಡ್ದನ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುವುದೂ ಹೀಗೇ. ಆದರೆ ಪಾಡ್ದನ ಹೇಳುವವಳು ತನ್ನ ಊರಿನ ಹೆಸರು, ತನ್ನ ಊರಿನ ಹೊಳೆ, ತನ್ನ ನೋವನ್ನು ಅದರಲ್ಲಿ ಸೇರಿಸಿಯೇ ಮುಂದಿನವಳಿಗೆ ಕೊಡುತ್ತಾಳೆ. ಈ ನಾಲ್ಕು ಸಿನಿಮಾಗಳಲ್ಲಿ ಪ್ರಕಾಶ್ ರೈ ಸೇರಿಸಿದ್ದೇನು ಎಂದು ಹುಡುಕಿದೆವು.

‘ನಾನು ನನ್ನ ಕನಸು’ ಅಪ್ಪ ಮಗಳ ಕಥೆ. ಮಗಳು ಬೆಳೆಯುತ್ತಾಳೆ, ಅಪ್ಪ ಬೆಳೆಯಲು ಒಪ್ಪುವುದಿಲ್ಲ. ಮಗಳು ಒಬ್ಬ ಸಿಖ್ ಹುಡುಗನನ್ನು ಮದುವೆಯಾಗುತ್ತೇನೆ ಅನ್ನುತ್ತಾಳೆ. ಅಪ್ಪನಿಗೆ ಗಾಬರಿ: ಪೇಟ, ಗಡ್ಡ, ಭಾಷೆ, ಊಟ. ಕೊನೆಗೆ ಹುಡುಗ ಒಳ್ಳೆಯವನೆಂದು ಗೊತ್ತಾಗುತ್ತದೆ, ಕಣ್ಣೀರು ಒರೆಸಿಕೊಂಡು ಕಳಿಸಿಕೊಡುತ್ತಾನೆ. ಥಿಯೇಟರಿನಲ್ಲಿ ಅಪ್ಪಂದಿರು ಅತ್ತರು. ಚೆನ್ನಾಗಿಯೇ ಮಾಡಿದ್ದಾರೆ, ನಮಗೂ ಎರಡು ಕಡೆ ಗಂಟಲು ಕಟ್ಟಿತು. ಆದರೆ ನಮ್ಮ ಕಾಲನಿಯಲ್ಲಿ ಕೂತು ನೋಡುವವನಿಗೆ ಒಂದು ಸಣ್ಣ ಅನುಮಾನ ಬರುತ್ತದೆ. ಹುಡುಗ ಎರಡು ಸಾವಿರ ಕಿಲೋಮೀಟರ್ ದೂರದ ಪಂಜಾಬಿನವನಾಗಬಹುದು. ಎರಡು ಫರ್ಲಾಂಗ್ ದೂರದ ಕಾಲನಿಯವನಾಗಿದ್ದರೆ? ಪೇಟದ ಬದಲು ಅವನ ತಲೆಯ ಮೇಲೆ ಹುಲ್ಲಿನ ಕಟ್ಟ ಇದ್ದಿದ್ದರೆ? ದೂರದವನನ್ನು ಒಪ್ಪಿಕೊಳ್ಳುವುದು ಮಧ್ಯಮ ವರ್ಗದ ಔದಾರ್ಯಕ್ಕೆ ಕಷ್ಟವಲ್ಲ. ಪ್ರೀತಿಸಿದ್ದಕ್ಕೆ ನಮ್ಮ ಹುಡುಗರು ಊರು ಬಿಟ್ಟದ್ದು ಪಂಜಾಬಿನ ಹುಡುಗಿಯರಿಗಾಗಿ ಅಲ್ಲ.

ಅದೇ ಸಿನಿಮಾದಲ್ಲಿ ಮಗಳು ಒಬ್ಬ ಭಿಕ್ಷುಕನನ್ನು ಮನೆಗೆ ಕರೆತರುತ್ತಾಳೆ, ಅವನು ಮನೆಯವನಾಗುತ್ತಾನೆ. ತಮಾಷೆಯ ಪಾತ್ರ, ಒಳ್ಳೆಯ ಪಾತ್ರ. ‘ಒಗ್ಗರಣೆ’ಯಲ್ಲಿ ಪುರಾತತ್ವ ಇಲಾಖೆಯ ಕಾಳಿದಾಸ ಒಬ್ಬ ಆದಿವಾಸಿ ಹಿರಿಯನನ್ನು ಮನೆಗೆ ಕರೆತರುತ್ತಾನೆ. ಊಟ, ಅಡಿಗೆ, ತಡವಾಗಿ ಬಂದ ಪ್ರೀತಿ, ಇಳೆಯರಾಜರ ಸಂಗೀತ ಇವುಗಳ ಮಧ್ಯೆ ಆ ಮುದುಕ ಒಂದು ಮೂಲೆಯಲ್ಲಿ ಕೂತಿರುತ್ತಾನೆ. ಎರಡು ಸಿನಿಮಾಗಳಲ್ಲೂ ಕೆಳಗಿನವನು ಬರುವುದು ಮೇಲಿನವನ ಮನೆಗೆ, ಮೇಲಿನವನ ಕೈ ಹಿಡಿದು. ಅವನು ಬಂದದ್ದರಿಂದ ಮನೆಯ ಯಜಮಾನನ ಒಳ್ಳೆಯತನ ನಮಗೆ ಗೊತ್ತಾಗುತ್ತದೆ. ಅವನ ಸ್ವಂತ ಮನೆ ಎಲ್ಲಿ, ಅಲ್ಲಿ ಒಲೆ ಹೊತ್ತಿತೋ ಇಲ್ಲವೋ? ಊಟದ ಮೇಲೆ ತೆಗೆದ ಸಿನಿಮಾದಲ್ಲಿ ಈ ಪ್ರಶ್ನೆ ಬರಬೇಕಿತ್ತು ಅಂತ ನಮಗೆ ಅನಿಸಿತು. ಸುಬ್ರಹ್ಮಣ್ಯ, ಈಗ ಕಡಬ ತಾಲ್ಲೂಕಿಗೆ ಸೇರಿದ ಸುಬ್ರಹ್ಮಣ್ಯ, ಇಲ್ಲಿಂದ ದೂರವಿಲ್ಲ. ಅಲ್ಲಿ ಬ್ರಾಹ್ಮಣರು ಉಂಡ ಎಲೆಯ ಮೇಲೆ ಜನ ಉರುಳುತ್ತಿದ್ದರು. ಮಲೆಕುಡಿಯರೂ ಉರುಳುತ್ತಿದ್ದರು. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, 2017ರ ಮೌಢ್ಯ ನಿಷೇಧ ಕಾಯಿದೆಯಲ್ಲಿ ಮಡೆಸ್ನಾನವೂ ಸೇರಿತು. ಊಟ, ಎಲೆ, ಪಂಕ್ತಿ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಇದು. ‘ಒಗ್ಗರಣೆ’ ಬಂದದ್ದೂ ಅದೇ 2014ರಲ್ಲಿ.

ಇಷ್ಟು ಬರೆದ ಮೇಲೆ ನಮ್ಮನ್ನೇ ಕೇಳಿಕೊಂಡೆವು: ಮಾಡದ ಸಿನಿಮಾಕ್ಕೆ ಒಬ್ಬನನ್ನು ಕಟಕಟೆಗೆ ಹತ್ತಿಸುವುದು ನ್ಯಾಯವಾ? ಅಲ್ಲ. ವಿಮರ್ಶಕ ತನ್ನ ಮನಸ್ಸಿನ ಸಿನಿಮಾ ತೆಗೆದುಕೊಂಡು ಇನ್ನೊಬ್ಬನ ಸಿನಿಮಾ ಅಳೆಯುವುದು ಸುಲಭದ ಕೆಲಸ. ಆದ್ದರಿಂದ ಅವರು ಮಾಡಿದ ಸಿನಿಮಾದ ಒಳಗೆಯೇ ಹೋಗುವ. ‘ಧೋನಿ’ ನೋಡುವ. ಇದನ್ನು ಓದುತ್ತಿರುವ ಮೇಷ್ಟ್ರುಗಳಿಗೆ ಇದು ಮುಖ್ಯ.

ಹೆಂಡತಿ ಇಲ್ಲದ ಒಬ್ಬ ಗುಮಾಸ್ತ. ಮಗನಿಗೆ ಕ್ರಿಕೆಟ್ ಹುಚ್ಚು, ಲೆಕ್ಕ ತಲೆಗೆ ಹತ್ತುವುದಿಲ್ಲ. ಅಪ್ಪ ಸಾಲ ಸೋಲ ಮಾಡಿ ಓದಿಸುತ್ತಾನೆ. ಒಂದು ದಿನ ಸಿಟ್ಟಿನಲ್ಲಿ ಮಗನಿಗೆ ಹೊಡೆದುಬಿಡುತ್ತಾನೆ, ಮಗ ಎಚ್ಚರ ತಪ್ಪುತ್ತಾನೆ. ಆಮೇಲೆ ಅಪ್ಪನಿಗೆ ಜ್ಞಾನೋದಯ. ಈ ಅಂಕಪಟ್ಟಿಯ ವ್ಯವಸ್ಥೆಯೇ ಸರಿಯಿಲ್ಲ ಎಂದು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಾನೆ. ಪ್ರಕಾಶ್ ರೈ ಅವರೇ ಅಪ್ಪ. ಮಗನನ್ನು ಹೊಡೆದ ಕೈಯನ್ನು ಆತ ನೋಡಿಕೊಳ್ಳುವ ರೀತಿ ಯಾವ ನಟನೂ ಅಸೂಯೆ ಪಡುವಂಥದ್ದು.

ನಮ್ಮ ಮೊದಲ ತಲೆಮಾರಿನ ಪದವೀಧರರಿಗೆ ಮಾತ್ರ ಈ ಸಿನಿಮಾ ಒಂದು ವಿಚಿತ್ರ ಸಂಕಟ. ನಮ್ಮ ಅಪ್ಪನೂ ನಮಗೆ ಒಮ್ಮೆ ಹೊಡೆದಿದ್ದಾನೆ. ಏಳನೇ ಕ್ಲಾಸಿನಲ್ಲಿ ಹದಿನೈದು ದಿನ ಶಾಲೆ ಬಿಟ್ಟು ಅಡಿಕೆ ಹೆಕ್ಕಲಿಕ್ಕೆ ಹೋಗಿ ಕೂಲಿ ತಂದಿದ್ದೆವು. ಆ ಹಣವನ್ನು ಹೆಮ್ಮೆಯಿಂದ ಅಪ್ಪನ ಕೈಯಲ್ಲಿಟ್ಟೆವು. ಅಪ್ಪ ಹಣವನ್ನು ಕೆಳಗಿಟ್ಟು, ನೆಕ್ಕರೆ ಅಡರು ಮುರಿದು ಹೊಡೆದ. ಮಾರನೇ ದಿನ ತಾನೇ ಕರೆದುಕೊಂಡು ಹೋಗಿ ಶಾಲೆಯ ಬಾಗಿಲಲ್ಲಿ ನಿಂತ, ಒಳಗೆ ಹೋಗಲಿಲ್ಲ. ಅಂಕಪಟ್ಟಿ ಗುಮಾಸ್ತನ ಮಗನಿಗೆ ಬೇಡಿ ಇರಬಹುದು. ಬಾಬಾಸಾಹೇಬರು ಓದಿ ಬಂದ ದಾರಿಯನ್ನು ಫೋಟೋದಲ್ಲಿ ಮಾತ್ರ ಕಂಡ ಅಪ್ಪನಿಗೆ ಅದು ಬೇರೆಯೇ ಒಂದು ಕಾಗದ. ಹಕ್ಕುಪತ್ರದ ಮೇಲೆ ತಹಸೀಲ್ದಾರನ ಸಹಿ ಬೀಳದಿದ್ದರೂ ಮಾರ್ಕ್ಸ್ ಕಾರ್ಡಿನ ಮೇಲೆ ಹೆಡ್ಮಾಷ್ಟ್ರ ಸಹಿ ಬೀಳುತ್ತದೆ ಎಂಬ ನಂಬಿಕೆ ಅದು. ‘ಧೋನಿ’ ಈ ಅಪ್ಪನನ್ನು ನೋಡಲೇ ಇಲ್ಲ. ಹೊಡೆಯುವ ಅಪ್ಪಂದಿರೆಲ್ಲ ಒಂದೇ ಅಂತ ಅದಕ್ಕೆ ಅನಿಸಿದೆ. ಸಿನಿಮಾ ಮುಗಿದ ಮೇಲೆ ನಮ್ಮ ಜೊತೆ ಕೂತಿದ್ದ ಪಿಯುಸಿ ಹುಡುಗನೊಬ್ಬ, “ಹಾಗಾದ್ರೆ ನಾನು ಓದುವುದು ಬಿಡ್ಲಾ?” ಅಂತ ನಗುತ್ತಾ ಕೇಳಿದ. ನಮಗೆ ನಗು ಬರಲಿಲ್ಲ. ಅವನ ಅಣ್ಣ ಬಿಟ್ಟು ನಾಲ್ಕು ವರ್ಷವಾಯಿತು, ಈಗ ಜೆಸಿಬಿಯಲ್ಲಿ ಕ್ಲೀನರ್.

ಅಂಕ ಎಂಬ ಪಿಡುಗಿನಿಂದ ಮಕ್ಕಳು ನರಳುವುದು ಸುಳ್ಳು ಅಂತ ನಾವು ಹೇಳುತ್ತಿಲ್ಲ. ಹೊಡೆಯುವುದು ಸರಿ ಅಂತಲೂ ಅಲ್ಲ. ಆ ಅಡರಿನ ಗುರುತು ನಮ್ಮ ಮೀನಖಂಡದ ಮೇಲೆ ಇನ್ನೂ ಉಂಟು. ಶಾಲೆಯ ಒಳಗೆ ಬಂಧಿಯಾದವನ ಕಥೆ ಹೇಳುವಾಗ ಶಾಲೆಯ ಹೊರಗೆ ನಿಂತವನು ಒಬ್ಬ ಚೌಕಟ್ಟಿನ ಮೂಲೆಯಲ್ಲಾದರೂ ಕಂಡಿದ್ದರೆ ಸಿನಿಮಾ ಇನ್ನಷ್ಟು ನಿಜವಾಗುತ್ತಿತ್ತು, ಅಷ್ಟೆ.

ನಾಲ್ಕರಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ‘ಇದೊಳ್ಳೆ ರಾಮಾಯಣ’. ಊರಿನಲ್ಲಿ ಮರ್ಯಾದಸ್ಥ ಅನಿಸಿಕೊಂಡ ಭುಜಂಗಯ್ಯ, ಒಂದು ರಾತ್ರಿಯ ಚಪಲಕ್ಕೆ ಒಬ್ಬ ವೇಶ್ಯೆಯ ಜೊತೆ ತನ್ನದೇ ಅಂಗಡಿಯ ಶಟರಿನ ಒಳಗೆ ಸಿಕ್ಕಿಬೀಳುತ್ತಾನೆ. ಹೊರಗಿನಿಂದ ಬೀಗ. ಎದುರಿಗೇ ತನ್ನ ಮನೆ. ತೂತಿನಿಂದ ನೋಡಿದರೆ ಹೆಂಡತಿ ಮಕ್ಕಳು ಕಾಣುತ್ತಾರೆ. ಮರ್ಯಾದೆ ಎಂಬ ವಸ್ತುವನ್ನು ಹೀಗೆ ಒಂದು ಕತ್ತಲ ಕೋಣೆಯಲ್ಲಿ ಹಾಕಿ ಬೀಗ ಜಡಿದ ಕಥೆ ಸಾಮಾನ್ಯದ್ದಲ್ಲ. ಪ್ರಿಯಾಮಣಿ ಮಾಡಿದ ಆ ಹೆಂಗಸು ಆರಾಮವಾಗಿದ್ದಾಳೆ. ಅವಳಿಗೆ ಹಸಿವಾಗುತ್ತದೆ, ನಗು ಬರುತ್ತದೆ, ಬೇಸರ ಬರುತ್ತದೆ. ಹೆದರಿಕೆ ಇರುವುದು ಅವನಿಗೆ. ಕಳೆದುಕೊಳ್ಳಲಿಕ್ಕೆ ಇರುವವನು ಅವನು. ಇಲ್ಲಿ ಪ್ರಕಾಶ್ ರೈ ತನ್ನ ವರ್ಗದ ಗಂಡಸನ್ನು ಕನಿಕರವಿಲ್ಲದೆ ನೋಡಿದ್ದಾರೆ. ಬೆವರು, ಚಡಪಡಿಕೆ, ತೂತಿಗೆ ಕಣ್ಣಿಟ್ಟು ಕುಕ್ಕರಗಾಲಲ್ಲಿ ಕೂರುವುದು, ಇದೆಲ್ಲ ನೋಡಿ ನಾವು ಮನಸಾರೆ ನಕ್ಕೆವು. ದನಿಗಳ ಮನೆಯ ಕಿಟಿಕಿಯಲ್ಲಿ ಅರ್ಧ ಮುಖ ನೋಡಿದ ಅಪ್ಪೆಯ ಮಕ್ಕಳಿಗೆ, ಯಜಮಾನನೊಬ್ಬ ತೂತಿನಿಂದ ತನ್ನ ಮನೆಯನ್ನೇ ಇಣುಕುವುದನ್ನು ನೋಡುವುದು ಎಂಥಾ ಸುಖ ಅಂತ ಬರೆದರೆ ಕೆಲವರಿಗೆ ಬೇಸರವಾದೀತು. ಆಗಲಿ.

ಆದರೂ ಶಟರ್ ತೆಗೆದ ಮೇಲೆ ಭುಜಂಗಯ್ಯ ಹೋಗುವುದು ತನ್ನ ಮನೆಗೆ, ಹೊಸ ಬುದ್ಧಿಯೊಡನೆ. ಅವಳು ಹೋಗುವುದು ಎಲ್ಲಿಗೆ? ಒಳ್ಳೆಯವಳಾಗಿ ಅವನಿಗೆ ಬುದ್ಧಿ ಕಲಿಸಿದ್ದಕ್ಕೆ ಅವಳಿಗೆ ಸಿಕ್ಕಿದ್ದೇನು? ಭಿಕ್ಷುಕ, ಆದಿವಾಸಿ, ವೇಶ್ಯೆ, ಮೂವರೂ ಈ ನಿರ್ದೇಶಕನ ಕಥೆಯೊಳಗೆ ಪೋಷಕ ಪಾತ್ರಗಳು. ಇಪ್ಪತ್ತು ವರ್ಷ ಪೋಷಕ ನಟನಾಗಿ ಇತರರ ಕಥೆಗಳ ಅಂಚಿನಲ್ಲಿ ನಿಂತು, ಅ ಅಂಚಿಗೂ ಒಂದು ಜೀವ ಇದೆ ಎಂದು ತೋರಿಸಿದ ಮನುಷ್ಯ ತಾನೇ ಕಥೆ ಹೇಳುವಾಗ ನಡುಮಧ್ಯದ ಕುರ್ಚಿಯನ್ನು ತನಗೇ ಇಟ್ಟುಕೊಂಡರು. ನಾಲ್ಕು ಕಥೆಗಳಲ್ಲೂ ಮಧ್ಯದಲ್ಲಿರುವವನು ಒಬ್ಬ ನಡುವಯಸ್ಸಿನ ಗಂಡಸು, ಮಗಳೋ ಮಗನೋ ಮದುವೆಯೋ ಮರ್ಯಾದೆಯೋ ಅವನ ಚಿಂತೆ, ಆ ಪಾತ್ರ ಮಾಡಿದವರು ಪ್ರಕಾಶ್ ರೈ. ನಮ್ಮ ನಿಜವಾದ ತಕರಾರು ಇದು.

ಹಾಗಂತ ಅವರ ಕೈಯಲ್ಲಿ ಬೇರೆ ಬಗೆಯ ಸಿನಿಮಾ ಆಗಲೇ ಇಲ್ಲವೆಂದಲ್ಲ. ನಿರ್ಮಾಪಕರಲ್ಲಿ ಒಬ್ಬರಾಗಿ ಅವರು ನಿಂತದ್ದು ಬಿ. ಸುರೇಶರ ‘ಪುಟ್ಟಕ್ಕನ ಹೈವೇ’ಗೆ. ನಾಗತಿಹಳ್ಳಿ ಚಂದ್ರಶೇಖರರ ಕಥೆಯ ಎಳೆ. ರಸ್ತೆಗೆ ಜಮೀನು ಹೋದ ಹೆಂಗಸಿನ ಪಾಡು, ಶ್ರುತಿ ಅವರ ಅಭಿನಯ, 2010ನೇ ಸಾಲಿನ ಶ್ರೇಷ್ಠ ಕನ್ನಡ ಚಿತ್ರ ಎಂದು ರಾಷ್ಟ್ರಪ್ರಶಸ್ತಿ. ಉಪ್ಪಿನಂಗಡಿ, ನೆಲ್ಯಾಡಿ, ಶಿರಾಡಿ ಬದಿಯಲ್ಲಿ ಹೆದ್ದಾರಿ ಅಗಲ ಮಾಡುವ ಯಂತ್ರಗಳ ಧೂಳು ತಿಂದವರಿಗೆ ಪುಟ್ಟಕ್ಕ ಯಾರೆಂದು ಹೇಳಬೇಕಾಗಿಲ್ಲ. ಇನ್ನೊಂದು ‘ಜೈ ಭೀಮ್’ (2021). ಅದರಲ್ಲಿ ಅವರು ಒಳ್ಳೆಯ ಪೊಲೀಸ್ ಅಧಿಕಾರಿ. 1993ರಲ್ಲಿ ಲಾಕಪ್ಪಿನಲ್ಲಿ ಸತ್ತ ರಾಜಾಕಣ್ಣು ಅವರ ಪ್ರಕರಣ ಅದಕ್ಕೆ ಆಧಾರ. ಅವರು ಕುರವರು, ಸಿನಿಮಾದಲ್ಲಿ ಇರುಳರು. ಸಿನಿಮಾಗೆ ಬರುವಾಗ ಸತ್ತವನ ಜಾತಿಯೂ ಬದಲಾಗುತ್ತದೆ, ನೋಡಿ.

ಈಗ ಮತ್ತೆ ‘ಗುಡ್ಡದ ಭೂತ’ಕ್ಕೆ. ಮುಲ್ಕಿ ಕಡೆಯ ಸದಾನಂದ ಸುವರ್ಣರು ನಿರ್ದೇಶಿಸಿದ ಹದಿಮೂರು ಕಂತುಗಳ ಧಾರಾವಾಹಿ ಅದು. ಅವರು ‘ಘಟಶ್ರಾದ್ಧ’ದ (1977) ನಿರ್ಮಾಪಕರು. ತುಳುವಿನ ಶೀರ್ಷಿಕೆ ಗೀತೆಯನ್ನು ತುಳು ಬಾರದ ಬಯಲುಸೀಮೆಯವರೂ ಗುನುಗಿದರು. ಮುಂದೆ 2015ರ ‘ರಂಗಿತರಂಗ’ದವರೂ ಅದನ್ನು ನೆನಪಿಸಿಕೊಂಡರು. ನಮ್ಮ ಸೀಮೆಯ ಭೂತವನ್ನು ಇಡೀ ಕರ್ನಾಟಕದ ಮನೆಗಳಿಗೆ ಕರೆದೊಯ್ದದ್ದು ಅದು. ನಮ್ಮ ಮಾವ ನೇಮ ಕಟ್ಟುವವರು. ಅವರಿಗೆ ಮೊಬೈಲಿನಲ್ಲಿ ಎರಡು ಕಂತು ತೋರಿಸಿದೆವು. ಪ್ರಕಾಶ್ ರೈ ಯಾರೆಂದು ಅವರಿಗೆ ಬೇಕಾಗಿರಲಿಲ್ಲ. “ತೆಂಬರೆ ಬಡಿದವರ ಹೆಸರು ಬಂತಾ?” ಅಂತ ಕೇಳಿದರು. ಹಿಂದಕ್ಕೆ ಹಾಕಿ ನೋಡಿದೆವು. ಹಳೇ ಟೇಪಿನಿಂದ ಇಳಿಸಿದ್ದು, ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಮಾವ ಎಲೆಗೆ ಸುಣ್ಣ ಹಚ್ಚುತ್ತಾ, “ಬೂಳ್ಯ ಕೊಡದೆ ಯಾವ ಭೂತವೂ ಏಳುವುದಿಲ್ಲ ಮಾರಾಯ” ಅಂದರು. ಬೂಳ್ಯ ಅಂದರೆ ಕೋಲ ಕಟ್ಟುವವನ ಕೈಗೆ ಮೊದಲು ಇಡುವ ವೀಳ್ಯ. ಆಮೇಲೆಯೇ ಅಣಿ, ಆಮೇಲೆಯೇ ಗಗ್ಗರ.

ಭೂತ ಕಟ್ಟುವ ಮನೆತನದ ಕಥೆಯನ್ನು ನಟನಾಗಿದ್ದು ನಿರ್ದೇಶಕರಾದ ಶಿವಧ್ವಜ್ ‘ಗಗ್ಗರ’ದಲ್ಲಿ ಹೇಳಿದರು, 2008ನೇ ಸಾಲಿನ ತುಳು ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ನೋಡಿದವರು ಬೆರಳೆಣಿಕೆ. ‘ಕಾಂತಾರ’ (2022) ನೋಡದವರು ಬೆರಳೆಣಿಕೆ. ಅದು ಬಂದ ತಿಂಗಳಲ್ಲೇ ಸರಕಾರ ಅರವತ್ತು ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಘೋಷಿಸಿತು. ಮಾವನಿಗೆ ಇನ್ನೂ ಐವತ್ತೆಂಟು. ಇದಕ್ಕೂ ಹಿಂದೆ, ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದರು, 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ದೊಡ್ಡ ಕೃತಿಗಳು, ಬೇಡ ಅನ್ನುವುದಿಲ್ಲ. ಆದರೆ ಚೋಮನ ದುಡಿ ಇಷ್ಟು ವರ್ಷ ಬೇರೆಯವರ ಕೈಯಲ್ಲೇ ಬಡಿಯುತ್ತಾ ಇದೆ.

ಅದೇ ಕಾರಂತರ ಹೆಸರಿನ ಹುಟ್ಟೂರ ಪ್ರಶಸ್ತಿಯನ್ನು 2017ರ ಅಕ್ಟೋಬರಿನಲ್ಲಿ ಕೋಟದಲ್ಲಿ ಪ್ರಕಾಶ್ ರೈ ಅವರಿಗೆ ಕೊಟ್ಟಾಗ ವಿರೋಧಿಗಳು ಪ್ರತಿಭಟಿಸಿದರು. ಸೆಪ್ಟೆಂಬರ್ 5ರಂದು ಗೌರಿ ಲಂಕೇಶರ ಕೊಲೆಯಾಗಿತ್ತು. ಗೆಳತಿಯ ಸಾವಿನ ಮೇಲೆ ಆತ ಸುಮ್ಮನೆ ಕೂರಲಿಲ್ಲ, ಪ್ರಶ್ನೆ ಕೇಳುತ್ತಾ ಊರೂರು ತಿರುಗಿದರು. ಸಿನಿಮಾದಲ್ಲಿ ಅನ್ನ ಹುಟ್ಟುವವನಿಗೆ ಇದು ಸಣ್ಣ ಧೈರ್ಯವಲ್ಲ. 2019ರಲ್ಲಿ ಬೆಂಗಳೂರು ಕೇಂದ್ರದಿಂದ ಪಕ್ಷೇತರರಾಗಿ ನಿಂತರು, ಸುಮಾರು 29 ಸಾವಿರ ಮತ ಬಿತ್ತು, ಠೇವಣಿ ಹೋಯಿತು. 2023ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ‘ನಿರ್ದಿಗಂತ’ ಎಂಬ ರಂಗಕೇಂದ್ರ ಕಟ್ಟಿ ಮತ್ತೆ ನಾಟಕದ ಹುಡುಗರ ನಡುವೆ ಕೂತರು. ಬೀದಿಯಲ್ಲಿ ಶುರುಮಾಡಿದವರು ಅಲ್ಲಿಗೇ ಹಿಂತಿರುಗಿದ ಹಾಗೆ ಕಾಣುತ್ತದೆ. ನಮಗೆ ಇದು ಅವರ ಎಲ್ಲ ಸಿನಿಮಾಗಳಿಗಿಂತ ಖುಷಿ ಕೊಟ್ಟ ಸುದ್ದಿ.

2018ರ ಜನವರಿಯಲ್ಲಿ ಶಿರಸಿಯಲ್ಲಿ ಅವರು ಮಾತಾಡಿ ಹೋದ ವೇದಿಕೆಗೆ ಯುವ ಮೋರ್ಚಾದವರು ಗೋಮೂತ್ರ ಚಿಮುಕಿಸಿ ‘ಶುದ್ಧ’ ಮಾಡಿದರು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು, ಬುದ್ಧಿಜೀವಿಗಳು ಬೆಚ್ಚಿಬಿದ್ದರು. ನಾವು ಆಗ ಡಿಗ್ರಿಯಲ್ಲಿದ್ದೆವು. ಹಾಸ್ಟೆಲಿನಲ್ಲಿ ಆ ಸುದ್ದಿ ಓದಿದ ನಮ್ಮ ರೂಮಿನವರಿಗೆ ಬೆಚ್ಚಲಿಕ್ಕೆ ಏನೂ ಇರಲಿಲ್ಲ. ನಾವು ಕೂತೆದ್ದ ಜಗಲಿಗೆ ನೀರು ಹೊಯ್ಯುವುದನ್ನು ನಾವು ಯಾವ ಪತ್ರಿಕೆಗೂ ಹೇಳಿರಲಿಲ್ಲ. ಆ ದಿನ ಮಾತ್ರ ಒಂದು ಆಸೆ ಹುಟ್ಟಿತ್ತು. ಗುತ್ತಿನ ಹೆಸರು ಹೊತ್ತ ಒಬ್ಬ ಮನುಷ್ಯ, ತಾನು ನಿಂತು ಬಂದ ನೆಲವನ್ನು ಹಿಂದಿನಿಂದ ತೊಳೆಯುತ್ತಾರೆ ಎಂಬುದನ್ನು ಬದುಕಿನಲ್ಲಿ ಒಮ್ಮೆ ತಿಳಿದ. ಅವನೊಬ್ಬ ನಿರ್ದೇಶಕ. ಈ ನೆಲ ತೊಳೆಯುವುದರ ಮೇಲೆ ಅವನು ಸಿನಿಮಾ ತೆಗೆದಾನು, ಮಧ್ಯದ ಕುರ್ಚಿಯಲ್ಲಿ ಬೇರೆ ಯಾರನ್ನೋ ಕೂರಿಸಿಯಾನು ಎಂದು ರಾತ್ರಿಯಿಡೀ ಮಾತಾಡಿದ್ದೆವು. ಆಮೇಲೆ ಬಂದದ್ದು ‘ತಡ್ಕಾ’.

ಅಡಿಕೆ ಕೆಲಸ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ನಮ್ಮ ಕಾಲನಿಯಲ್ಲಿ ಮೂರು ರಾತ್ರಿ ‘ಕಾಂಚೀವರಂ’, ‘ಇದೊಳ್ಳೆ ರಾಮಾಯಣ’ ಮತ್ತು ‘ಗುಡ್ಡದ ಭೂತ’ದ ಕೆಲವು ಕಂತುಗಳನ್ನು ತೋರಿಸಿ ಚರ್ಚೆ ಮಾಡುವ ಆಲೋಚನೆ ಉಂಟು. ಅಪ್ಪೆ ಎದುರಿನ ಸಾಲಿನಲ್ಲಿ ಕೂರುತ್ತೇನೆ ಅಂದಿದ್ದಾಳೆ. ಮಾವ ತೆಂಬರೆ ತರುತ್ತಾರಂತೆ. ಪರದೆಗೆ ಬಿಳಿ ಪಂಚೆ ಆಗಿದೆ, ಕರೆಂಟು ಅಂಗನವಾಡಿಯಿಂದ ಎಳೆಯುತ್ತೇವೆ. ಪ್ರೊಜೆಕ್ಟರ್ ಇಲ್ಲ. ಕಡಬ, ಪುತ್ತೂರು ಕಡೆಯ ಮೇಷ್ಟ್ರುಗಳು ಯಾರಾದರೂ ಶಾಲೆಯದ್ದನ್ನು ಮೂರು ದಿನಕ್ಕೆ ಕೊಡಿಸಿದರೆ ಉಪಕಾರ. ಕುರ್ಚಿಗಳೂ ಇಲ್ಲ, ಬರುವವರು ನೆಲದಲ್ಲಿ ಕೂರಬೇಕು.